ನಗರದೊಳಗಿನ ಕಾಡಿನಲ್ಲಿ ಇರುಳ ಹಕ್ಕಿಗಳನ್ನು ನೋಡುವುದು, ಚಿತ್ರ ತೆಗೆಯುವುದು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ವಸಂತಪುರದ ಓದುಗ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ತುರಹಳ್ಳಿ ಕಾಡಿಗೆ ದೂರವಲ್ಲದ ಬಡಾವಣೆಯೊಂದರಲ್ಲಿ ವಾಸವಾಗಿದ್ದೇನೆ. ಹಗಲಿನ ಹಕ್ಕಿಗಳನ್ನು ನೋಡುವ ಅಭ್ಯಾಸ ಕೆಲವು ವರ್ಷಗಳಿಂದ ಇದೆ. ಸುತ್ತಮುತ್ತ ಕಾಣುವ ಹಕ್ಕಿಗಳನ್ನು ಬಹುಮಟ್ಟಿಗೆ ಗುರುತಿಸಬಲ್ಲೆ. ಆದರೆ ಕತ್ತಲಾದ ಮೇಲೆ ಕೇಳಿಬರುವ ಕೂಗುಗಳಲ್ಲಿ ಹಾಲಕ್ಕಿ ಎಂಬ ಚಿಕ್ಕ ಗೂಬೆಯದೊಂದನ್ನು ಬಿಟ್ಟರೆ ಉಳಿದವು ಯಾವ ಹಕ್ಕಿಯವೆಂದು ನನಗೆ ತಿಳಿಯದು. ನಗರದ ನಡುವೆಯೇ ಇಷ್ಟೊಂದು ಜೀವಗಳು ಇರುಳಿನಲ್ಲಿ ಬದುಕು ನಡೆಸುತ್ತಿರುವಾಗ ಅವುಗಳ ಪರಿಚಯವೇ ಇಲ್ಲದೆ ಇರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತಿದೆ.

ನನ್ನ ಬಳಿ ಕ್ರಾಪ್ ಸೆನ್ಸರ್‌ನ ಕ್ಯಾಮೆರಾ, 70–300 ಮಿ.ಮೀ. ಲೆನ್ಸ್ ಮತ್ತು ಸಾಧಾರಣ ಟ್ರೈಪಾಡ್ ಇವೆ. ಲೆನ್ಸ್‌ನ 300 ಮಿ.ಮೀ. ತುದಿಯಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಪ್ರಬಲವಾದ ಟಾರ್ಚ್ ಅಥವಾ ಫ್ಲಾಶ್ ಇಲ್ಲದೆ ಗೂಬೆಯ ಚಿತ್ರ ಸಾಧ್ಯವಿಲ್ಲವೆಂದು ಅಂಗಡಿಯವರು ಹೇಳಿದರು. ಅದನ್ನು ಕೊಳ್ಳುವ ಮೊದಲು ಅನುಭವಿಗಳನ್ನು ಕೇಳೋಣವೆಂದು ಬರೆಯುತ್ತಿದ್ದೇನೆ. ರಾತ್ರಿಯ ವೀಕ್ಷಣೆಗೆ ಬೆಂಗಳೂರಿನಲ್ಲಿ ಕಾನೂನು ಒಪ್ಪುವ ಸ್ಥಳಗಳು ಯಾವುವು, ಯಾವ ತಿಂಗಳು ಮತ್ತು ಯಾವ ಹೊತ್ತು ಸೂಕ್ತ, ಹಕ್ಕಿಗೆ ತೊಂದರೆಯಾಗದಂತೆ ಚಿತ್ರ ತೆಗೆಯಲು ಬೆಳಕನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ಕೆರೆಯೇರಿ

ನಮಸ್ಕಾರ. ಕೊಳ್ಳುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಟಾರ್ಚ್ ಮತ್ತು ಫ್ಲಾಶ್ ಎರಡನ್ನೂ ಸದ್ಯಕ್ಕೆ ಮರೆತುಬಿಡಿ. ಅದರ ಕಾರಣವನ್ನು ಚಿತ್ರ ತೆಗೆಯುವವರು ವಿವರಿಸಲಿ. ನಾನು ಸ್ಥಳ, ಕಾಲ ಮತ್ತು ಕೂಗುಗಳ ಬಗ್ಗೆ ಬರೆಯುತ್ತೇನೆ.

ಪ್ರವೇಶದ ವಿಷಯ ಮೊದಲು. ತುರಹಳ್ಳಿ ಅರಣ್ಯ ಇಲಾಖೆಯ ಅಧೀನದಲ್ಲಿರುವ ಕಾಡು. ಹಗಲಿನ ನಿಗದಿತ ವೇಳೆಯಲ್ಲಿ ನಡೆದಾಡಲು ಬಿಡುತ್ತಾರೆಯೇ ಹೊರತು ಕತ್ತಲಾದ ಮೇಲೆ ಒಳಗೆ ಉಳಿಯಲು ಅವಕಾಶವಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಮಾತಂತೂ ಹೇಳಬೇಕಾಗಿಲ್ಲ. ಮೀಸಲು ಅರಣ್ಯಕ್ಕೆ ಅಕ್ರಮವಾಗಿ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ತುರಹಳ್ಳಿಯ ಸುತ್ತ ಚಿರತೆ ಕಾಣಿಸಿಕೊಂಡ ವರದಿಗಳು ಬಂದಿವೆ. ಕೊಳಕುಮಂಡಲ ಮತ್ತು ನಾಗರಹಾವು ಅಂಥ ಕುರುಚಲು ನೆಲದಲ್ಲಿ ಇರುಳಲ್ಲಿ ಓಡಾಡುವುದು ಸಹಜ. 2021ರ ಆರಂಭದಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳು ಅದನ್ನು ವಿರೋಧಿಸಿದ್ದು ಕಾಡು ಕಾಡಾಗಿಯೇ ಉಳಿಯಲೆಂಬ ಆಸೆಯಿಂದ. ರಾತ್ರಿಯ ಹೊತ್ತು ಅದನ್ನು ಅಲ್ಲಿನ ಜೀವಿಗಳಿಗೇ ಬಿಟ್ಟುಕೊಡುವುದು ಆ ಆಸೆಗೆ ತಕ್ಕ ನಡವಳಿಕೆ ಎಂದು ನನ್ನ ಭಾವನೆ.

ಇದರಿಂದ ನಿಮಗೆ ನಷ್ಟವೇನೂ ಇಲ್ಲ. ನಮ್ಮ ಊರಿನ ಸಾಮಾನ್ಯ ಇರುಳ ಹಕ್ಕಿಗಳಲ್ಲಿ ಹೆಚ್ಚಿನವು ದಟ್ಟ ಕಾಡಿನ ನಡುವೆ ಇರುವುದಕ್ಕಿಂತ ಮರಗಳು ಮುಗಿದು ಬಯಲು ತೊಡಗುವ ಅಂಚಿನಲ್ಲಿ ಇರುವುದೇ ಹೆಚ್ಚು. ಹಾಲಕ್ಕಿಗೆ ಹುಳ ಹಿಡಿಯಲು ತೆರೆದ ಜಾಗ ಬೇಕು, ಕಣಜ ಗೂಬೆಗೆ ಇಲಿ ಓಡಾಡುವ ಖಾಲಿ ನಿವೇಶನ ಬೇಕು, ನತ್ತಿಂಗಕ್ಕೆ (ನೈಟ್‌ಜಾರ್) ಕುಳಿತು ಕಾಯಲು ಮಣ್ಣಿನ ದಾರಿ ಬೇಕು. ಕಾಡಿನ ಹೊರಗಿನ ಸಾರ್ವಜನಿಕ ರಸ್ತೆಯಲ್ಲಿ, ಜನಸಂಚಾರವಿರುವ ಹೊತ್ತಿನಲ್ಲಿ, ಜೊತೆಗಾರರೊಬ್ಬರೊಂದಿಗೆ ನಿಂತು ಕೇಳಿದರೆ ಒಳಗಿನ ಹಕ್ಕಿಗಳ ಕೂಗು ಸ್ಪಷ್ಟವಾಗಿಯೇ ಕೇಳುತ್ತದೆ.

ಲಾಲ್‌ಬಾಗನ್ನು ಹಲವರು ಇರುಳ ಹಕ್ಕಿಗಳ ಜಾಗವೆಂದು ಎಣಿಸುವುದಿಲ್ಲ. ಗಡಿಯಾರವನ್ನೂ ಪಂಚಾಂಗವನ್ನೂ ಒಟ್ಟಿಗೆ ನೋಡಿದರೆ ಅದು ಅತ್ಯುತ್ತಮ ಜಾಗ. ಅದು ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 7ಕ್ಕೆ ಮುಚ್ಚುತ್ತದೆ. ಡಿಸೆಂಬರ್ ಆರಂಭದಲ್ಲಿ ಬೆಂಗಳೂರಿನ ಸೂರ್ಯ ಸುಮಾರು 5:55ಕ್ಕೆ ಮುಳುಗುವುದರಿಂದ ಸಂಜೆ ಒಂದು ಗಂಟೆಯಷ್ಟು ಕಾಲ ಸಿಗುತ್ತದೆ. ಜನವರಿಯಲ್ಲಿ ಸೂರ್ಯೋದಯ ಸುಮಾರು 6:45ಕ್ಕೆ ಆಗುವುದರಿಂದ ಬೆಳಗಿನಲ್ಲೂ ಮುಕ್ಕಾಲು ಗಂಟೆಯ ನಸುಕು ಸಿಗುತ್ತದೆ. ನಾವು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಇರುವುದರಿಂದ ಸೂರ್ಯ ಮುಳುಗಿದ ಸುಮಾರು 20–25 ನಿಮಿಷಗಳಲ್ಲೇ ಬರಿಗಣ್ಣಿಗೆ ಉಪಯೋಗವಾಗುವ ಬೆಳಕು ಆರಿಹೋಗುತ್ತದೆ. ಆ ಅವಧಿಯಲ್ಲೇ ಹಾಲಕ್ಕಿಗಳು ಪೊಟರೆಯಿಂದ ಹೊರಬಂದು ಕೊಂಬೆಯ ಮೇಲೆ ಕುಳಿತು ಮೈ ಝಾಡಿಸಿ, ಗರಿ ತೀಡಿಕೊಂಡು, ಜೋಡಿಯೊಂದಿಗೆ ಕೂಗಾಡುತ್ತವೆ. ಕೆರೆಯ ಕಡೆಯಿಂದ ಇರುಳು ಬಕಗಳು ‘ಕ್ವಾಕ್’ ಎಂದು ಒಂದೊಂದೇ ದನಿ ಮಾಡುತ್ತಾ ಆಹಾರಕ್ಕೆ ಹೊರಡುತ್ತವೆ. ಜುಲೈನಲ್ಲಿ ಸೂರ್ಯ ಮುಳುಗುವುದು ಸುಮಾರು 6:50ಕ್ಕೆ. ಆ ತಿಂಗಳು ಸಂಜೆ ಹೋದರೆ ದ್ವಾರ ಮುಚ್ಚುವ ಸಿಳ್ಳೆ ಮಾತ್ರ ಕೇಳಿಸುತ್ತದೆ. ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ), ಭಾರತೀಯ ವಿಜ್ಞಾನ ಸಂಸ್ಥೆ, ಜ್ಞಾನಭಾರತಿ (ಬೆಂಗಳೂರು ವಿಶ್ವವಿದ್ಯಾಲಯ) ಮುಂತಾದ ಆವರಣಗಳಲ್ಲಿ ಒಳ್ಳೆಯ ಮರಗಳೂ ಗೂಬೆಗಳೂ ಇವೆ. ಅಲ್ಲಿ ನಿಮಗೆ ಪರಿಚಿತರಿದ್ದು ಭದ್ರತಾ ವಿಭಾಗದ ಅನುಮತಿ ದೊರೆತರೆ ಮಾತ್ರ ಪ್ರಯತ್ನಿಸಿ.

ಇನ್ನು ಕೂಗುಗಳು. ಕ್ಯಾಮೆರಾವನ್ನು ಮನೆಯಲ್ಲಿ ಬಿಟ್ಟು ಕೆಲವು ವಾರ ಕಿವಿಯನ್ನಷ್ಟೇ ಒಯ್ಯಿರಿ ಎಂದು ಒತ್ತಿ ಹೇಳುತ್ತೇನೆ. ಎಲ್ಲಿ, ಯಾವ ಹೊತ್ತಿಗೆ, ಯಾವ ಕೊಂಬೆಗೆ ಹಕ್ಕಿ ಬರುತ್ತದೆಂದು ತಿಳಿಯದವರು ಟಾರ್ಚ್ ಹಿಡಿದು ಮರದಿಂದ ಮರಕ್ಕೆ ಹುಡುಕುತ್ತಾರೆ; ತಿಳಿದವರಿಗೆ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಹಾಲಕ್ಕಿಯ ಕರ್ಕಶ ಚಿರ್‌ಚಿರ್ ನಿಮಗೆ ಗೊತ್ತಿದೆ. ಒಂದೇ ಸ್ಥಾಯಿಯಲ್ಲಿ, ಪ್ರಶ್ನೆ ಕೇಳುವ ಧಾಟಿಯಲ್ಲಿ, ಕೆಲವು ಸೆಕೆಂಡುಗಳಿಗೊಮ್ಮೆ ‘ವುಕ್?’ ಎಂಬ ಮೃದುವಾದ ದನಿ ಮರದಿಂದ ಬರುತ್ತಿದ್ದರೆ ಅದು ಬಹುತೇಕ ಇಂಡಿಯನ್ ಸ್ಕಾಪ್ಸ್ ಗೂಬೆ. ಕಪ್ಪೆಯ ದನಿಯೆಂದು ಭಾವಿಸಿ ಅದನ್ನು ಕಡೆಗಣಿಸುವವರು ಬಹಳ. ನೆತ್ತಿಯ ಮೇಲಿಂದ ಬಟ್ಟೆ ಹರಿದಂಥ ಚೀರು ಹಾದುಹೋದರೆ ಕಣಜ ಗೂಬೆ. ಬಂಡೆಗಳಿರುವ ಕಡೆ, ಹಳೆಯ ಕಲ್ಲುಗಣಿಗಳ ಬಳಿ, ದೂರದಿಂದ ಗಂಭೀರವಾಗಿ ಎರಡು ಸ್ವರದ ‘ಬು-ಬೋ’ ಕೇಳಿದರೆ ಕೊಂಬಿನ ಗೂಬೆ. ಅರ್ಧ ಮೀಟರ್‌ಗೂ ಹೆಚ್ಚು ಉದ್ದವಿರುವ ಈ ಹಕ್ಕಿ ಬಂಡೆಯ ಚಾಚಿನ ಮೇಲೆ ಬರಿಯ ನೆಲದಲ್ಲೇ ಮೊಟ್ಟೆ ಇಡುತ್ತದೆ. ಭಾರತೀಯ ನತ್ತಿಂಗದ ಕೂಗಂತೂ ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ: ಕಲ್ಲುಹಾಸಿನ ಮೇಲೆ ಬಿದ್ದ ಗೋಲಿ ಪುಟಿದು ಪುಟಿದು ಕೊನೆಗೆ ಗಿರ್ರನೆ ನಿಲ್ಲುವ ಹಾಗೆ ‘ಚುಕ್, ಚುಕ್, ಚುಕ್, ಚುಕ್‌-ರ್ರ್’ ಎಂದು ವೇಗ ಹೆಚ್ಚುತ್ತಾ ಮುಗಿಯುತ್ತದೆ. ಬೆಳದಿಂಗಳಿನಲ್ಲಿ ನತ್ತಿಂಗಗಳು ಹೆಚ್ಚು ಚುರುಕಾಗಿರುತ್ತವೆ, ಹೆಚ್ಚು ಕೂಗುತ್ತವೆ. ಆದ್ದರಿಂದ ಹುಣ್ಣಿಮೆಯ ಆಸುಪಾಸಿನ ಸಂಜೆಗಳನ್ನು ಅವುಗಳಿಗೆ ಮೀಸಲಿಡಿ. ಇವುಗಳ ಜೊತೆಗೆ ಬೇಸಿಗೆಯ ರಾತ್ರಿಗಳಲ್ಲಿ ಕೋಗಿಲೆಯೂ, ವರ್ಷವಿಡೀ ಟಿಟ್ಟಿಭವೂ ಕತ್ತಲಲ್ಲಿ ಕೂಗುವುದರಿಂದ, ರಾತ್ರಿ ಕೇಳಿದ ದನಿಯೆಲ್ಲ ಗೂಬೆಯದೇ ಎಂದು ತೀರ್ಮಾನಿಸಬೇಡಿ.

ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ ದನಿಯನ್ನು ಗುರುತಿಸಲು ನೆರವಾಗುತ್ತದೆ. ಆದರೆ ಅದು ತೋರಿಸಿದ ಹೆಸರನ್ನು ಸುಳಿವೆಂದು ಪರಿಗಣಿಸಿ, ದನಿಮುದ್ರಿಕೆಯನ್ನು ಉಳಿಸಿಕೊಂಡು, ಝೀನೋ-ಕ್ಯಾಂಟೋ ತಾಣದಲ್ಲಿರುವ ಮುದ್ರಿಕೆಗಳೊಂದಿಗೆ ಮನೆಯಲ್ಲಿ ಕುಳಿತು ಹೋಲಿಸಿ. ಮನೆಯಲ್ಲಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಹೊರಗಡೆ ಆ ಮುದ್ರಿಕೆಯನ್ನು ಮೊಬೈಲ್‌ನಿಂದ ನುಡಿಸಿದರೆ, ತನ್ನ ನೆಲೆಗೆ ಬೇರೊಂದು ಗೂಬೆ ನುಗ್ಗಿತೆಂದು ತಿಳಿದು ಅಲ್ಲಿನ ಹಕ್ಕಿ ಬೇಟೆಯನ್ನೂ ಮರಿಯನ್ನೂ ಬಿಟ್ಟು ಎದುರಿಸಲು ಬರುತ್ತದೆ. ನಗರದ ಒಂದೇ ಮರದ ಬಳಿಗೆ ವಾರವಿಡೀ ಬೇರೆ ಬೇರೆ ಜನ ಬಂದು ಹೀಗೆ ಮಾಡಿದರೆ ಆ ಜೋಡಿಯ ಗತಿಯೇನೆಂದು ಊಹಿಸಿಕೊಳ್ಳಿ. ಇದು ನಾನು ಯಾವ ಕಾರಣಕ್ಕೂ ಒಪ್ಪದ ವಿಧಾನ.

ಉತ್ತರ 2: ನೆರಳುಬೆಳಕು

ಕೆರೆಯೇರಿ ಅವರು ಬಿಟ್ಟ ಕಡೆಯಿಂದ ಮುಂದುವರಿಸುತ್ತೇನೆ. ನಿಮ್ಮಲ್ಲಿರುವ ಸಲಕರಣೆಯಿಂದಲೇ ಹಾಲಕ್ಕಿಯ ಉತ್ತಮ ಚಿತ್ರ ಸಾಧ್ಯ. ಅದಕ್ಕೆ ನೀವು ಬೆಳಕನ್ನು ಹಕ್ಕಿಯ ಬಳಿಗೆ ಒಯ್ಯುವ ಬದಲು ಬೆಳಕಿರುವಲ್ಲಿಗೆ ಹಕ್ಕಿ ಬರುವವರೆಗೆ ಕಾಯಬೇಕು.

ಬೀದಿದೀಪಕ್ಕೆ ಹುಳುಗಳು ಮುತ್ತುತ್ತವೆ, ಹುಳುಗಳಿಗಾಗಿ ಹಾಲಕ್ಕಿ ಬರುತ್ತದೆ. ಕಂಬ, ತಂತಿ, ಹತ್ತಿರದ ಕೊಂಬೆ ಇವುಗಳಲ್ಲಿ ಯಾವುದೋ ಒಂದೆರಡು ಕಡೆ ಮತ್ತೆ ಮತ್ತೆ ಕುಳಿತು, ನೆಲಕ್ಕೆ ಇಳಿದು, ಪುನಃ ಅಲ್ಲಿಗೇ ಮರಳುವುದು ಅದರ ರೂಢಿ. ಆ ಜಾಗವನ್ನು ಮೊದಲು ಕಣ್ಣಿನಿಂದ ಗುರುತಿಸಿಕೊಂಡು, ರಸ್ತೆಯ ಇನ್ನೊಂದು ಬದಿಯಲ್ಲಿ ಗೋಡೆಗೆ ಒರಗಿ ನಿಂತು, ಟ್ರೈಪಾಡ್ ಹೂಡಿ, ಫೋಕಸ್ ಅನ್ನು ಆ ಕೊಂಬೆಯ ಮೇಲೆ ಇಟ್ಟುಕೊಂಡು ಕಾಯಿರಿ. ಸುಮಾರು 21 ಸೆಂಟಿಮೀಟರ್ ಉದ್ದದ ಹಕ್ಕಿಯನ್ನು ಚೌಕಟ್ಟು ತುಂಬ ತುಂಬಿಸಲು ಹೋಗಬೇಡಿ. ಕಂಬ, ಎಲೆಗಳ ನೆರಳು, ದೂರದ ಮನೆಯ ಕಿಟಕಿ ಇವೆಲ್ಲ ಸೇರಿದ ಚಿತ್ರವೇ ನಗರದ ಗೂಬೆಯ ನಿಜವಾದ ಚಿತ್ರ. ನನ್ನ ಮಟ್ಟಿಗೆ ಕಪ್ಪು ಹಿನ್ನೆಲೆಯಲ್ಲಿ ಎರಡು ಹೊಳೆಯುವ ಕಣ್ಣುಗಳಿರುವ ಚಿತ್ರಕ್ಕಿಂತ ಇದು ಎಷ್ಟೋ ಪಾಲು ಮೇಲು.

ಅಳತೆಗಳ ಬಗ್ಗೆ ಹೇಳುವುದಾದರೆ, ಪ್ರಖರವಾದ ಬೀದಿದೀಪದ ಹತ್ತಿರ ಎಫ್ 5.6, ಐಎಸ್‌ಒ 6400 (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ), ಶಟರ್ 1/50 ಸೆಕೆಂಡ್ (ಬೆಳಕನ್ನು ಒಳಬಿಡುವ ಅವಧಿ) ಎಂಬಲ್ಲಿಂದ ಆರಂಭಿಸಿ. 300 ಮಿ.ಮೀ.ಗೆ ಇದು ನಿಧಾನವಾದ ಶಟರ್ ಎನಿಸಿದರೂ ಕೊಂಬೆಯ ಮೇಲಿನ ಹಾಲಕ್ಕಿ ಹಲವು ಸೆಕೆಂಡುಗಳ ಕಾಲ ಅಲುಗದೆ ಕೂರುವುದುಂಟು. ನಾಲ್ಕೈದು ಚಿತ್ರಗಳನ್ನು ಒಟ್ಟಿಗೆ ತೆಗೆದರೆ ಒಂದಾದರೂ ಸ್ಪಷ್ಟವಾಗಿ ಬರುತ್ತದೆ. ಇಲ್ಲಿ 1/50 ಎಂದು ನಿರ್ದಿಷ್ಟವಾಗಿ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಹಲವು ಎಲ್ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ಅವಧಿ 1/50 ಅಥವಾ 1/100 ಇದ್ದರೆ ಪೂರ್ಣ ಮಿನುಗುಗಳೇ ಚಿತ್ರದಲ್ಲಿ ಸೇರುತ್ತವೆ. 1/80, 1/125 ಮುಂತಾದವುಗಳಲ್ಲಿ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ, ಚಿತ್ರದ ಮೇಲೆ ಅಡ್ಡಪಟ್ಟೆಗಳು ಮೂಡುವ ಸಂಭವ ಹೆಚ್ಚು. ಸುತ್ತಲಿನ ಕತ್ತಲೆಯನ್ನು ನೋಡಿ ಕ್ಯಾಮೆರಾದ ಮೀಟರ್ ಚಿತ್ರವನ್ನು ಅನಗತ್ಯವಾಗಿ ಬೆಳಗಿಸುತ್ತದೆ. ಆದ್ದರಿಂದ ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಭಾಗದ ಬೆಳಕನ್ನಷ್ಟೇ ಅಳೆಯುವ ವಿಧಾನ) ಬಳಸಿ, ಇಲ್ಲವೇ ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಕಡಿಮೆ ಮಾಡಿ. ಹಾಲಕ್ಕಿಯ ಹುಬ್ಬಿನ ಬಿಳುಪು ಒಮ್ಮೆ ಸುಟ್ಟುಹೋದರೆ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಮಾದರಿಯಲ್ಲಿ ಉಳಿಸಿಕೊಂಡರೆ ದೀಪದ ಹಳದಿಯನ್ನೂ ಕಾಳುಕಾಳಾದ ನಾಯ್ಸನ್ನೂ ಆಮೇಲೆ ಸಾಕಷ್ಟು ಸರಿಪಡಿಸಬಹುದು.

ಫೋಕಸ್‌ಗೆ ನೆರವಾಗಲೆಂದು ಕ್ಯಾಮೆರಾ ತಾನಾಗಿಯೇ ಹೊತ್ತಿಸುವ ಪುಟ್ಟ ದೀಪವನ್ನು ಮೆನುವಿನಲ್ಲಿ ಹುಡುಕಿ ನಿಲ್ಲಿಸಿ. ಪರದೆಯ ಪ್ರಕಾಶವನ್ನು ಅತ್ಯಂತ ಕಡಿಮೆಗೆ ಇಳಿಸಿ; ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಹೊತ್ತು ಬೇಕು, ಪ್ರಖರ ಪರದೆಯನ್ನು ಒಮ್ಮೆ ನೋಡಿದರೆ ಆ ಅರ್ಧ ಗಂಟೆ ವ್ಯರ್ಥವಾದಂತೆ.

ಬೀದಿದೀಪವಿಲ್ಲದ ಕಡೆ ಮುಸ್ಸಂಜೆಯ ಆಕಾಶವೇ ಹಿನ್ನೆಲೆ. ಜನವರಿ–ಫೆಬ್ರುವರಿಯಲ್ಲಿ ಬೂರುಗದ ಮರಗಳು ಎಲೆಯುದುರಿಸಿ ನಿಂತಿರುತ್ತವೆ. ಪಡುವಣದ ಬೆಳಕಿನ ಎದುರು ಬೋಳು ಕೊಂಬೆಯ ಮೇಲಿನ ಗೂಬೆಯ ನೆರಳುಚಿತ್ರಕ್ಕೆ ಐಎಸ್‌ಒ 1600 ಕೂಡ ಸಾಕಾಗಬಹುದು. ಬೆಳದಿಂಗಳ ಬಗ್ಗೆ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಹುಣ್ಣಿಮೆಯ ಚಂದ್ರ ನಡುನೆತ್ತಿಯಲ್ಲಿದ್ದರೂ ಎಫ್ 5.6, ಐಎಸ್‌ಒ 12800ರಲ್ಲಿ ಒಂದೆರಡು ಸೆಕೆಂಡುಗಳ ಎಕ್ಸ್‌ಪೋಶರ್ ಬೇಕಾಗುತ್ತದೆ, ಅಷ್ಟು ಹೊತ್ತು ಹಕ್ಕಿ ಅಲುಗದಿರಬೇಕು.

ಉತ್ತರ 3: ಹಳೆಯ ಫಿಲ್ಮ್‌ರೋಲ್

ಮೇಲಿನ ಇಬ್ಬರ ಕಾಳಜಿಯನ್ನು ಗೌರವಿಸುತ್ತೇನೆ, ಆದರೂ ಒಂದು ಭಿನ್ನಾಭಿಪ್ರಾಯವಿದೆ. ಫ್ಲಾಶ್‌ನಿಂದ ಗೂಬೆ ಕುರುಡಾಗುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಹೊರಾಂಗಣದಲ್ಲಿ ಬಳಸುವ ಸಾಮಾನ್ಯ ಫ್ಲಾಶ್‌ನಿಂದ ಹಕ್ಕಿಯ ಕಣ್ಣಿಗೆ ಶಾಶ್ವತ ಹಾನಿಯಾಗಿದ್ದನ್ನು ತೋರಿಸುವ ಪುರಾವೆಯನ್ನು ಈವರೆಗೆ ಯಾರೂ ನನ್ನ ಮುಂದಿಟ್ಟಿಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ಬೆಂಗಳೂರಿನ ಹಿರಿಯ ವನ್ಯಜೀವಿ ಛಾಯಾಗ್ರಾಹಕರ ಕಾಲದಲ್ಲಿ ಫಿಲ್ಮ್‌ನ ವೇಗ ಸಾಮಾನ್ಯವಾಗಿ 100ರಿಂದ 400 ಇರುತ್ತಿತ್ತು; ಫ್ಲಾಶ್ ಇಲ್ಲದೆ ಇರುಳ ಹಕ್ಕಿಯ ಚಿತ್ರ ತೆಗೆಯುವ ದಾರಿಯೇ ಆಗ ಇರಲಿಲ್ಲ. ಒಂದು ಸೆಕೆಂಡಿನ ಸಾವಿರದ ಒಂದು ಪಾಲು ಮಾತ್ರ ಇರುವ ಬೆಳಕನ್ನು, ಹಕ್ಕಿಯ ಕಣ್ಣಿಗೆ ನೇರವಾಗಿ ಹೊಡೆಯದಂತೆ ಪಕ್ಕದಿಂದ, ಒಮ್ಮೆ ಮಾತ್ರ ಬಳಸಿದರೆ ಅದನ್ನು ಅಪರಾಧವೆಂದು ಕಾಣುವುದು ಸರಿಯಲ್ಲ. ರಸ್ತೆಯಲ್ಲಿ ಹಾದುಹೋಗುವ ಪ್ರತಿಯೊಂದು ವಾಹನದ ದೀಪವೂ ಅದಕ್ಕಿಂತ ಹೆಚ್ಚು ಹೊತ್ತು ಹಕ್ಕಿಯ ಕಣ್ಣಿಗೆ ಬೀಳುತ್ತದೆ.

ಉತ್ತರ 4: ಕೆರೆಯೇರಿ

ಹಳೆಯ ಫಿಲ್ಮ್‌ರೋಲ್ ಅವರೇ, ಶಾಶ್ವತ ಕುರುಡಿನ ಮಾತು ಉತ್ಪ್ರೇಕ್ಷೆ ಎಂಬುದನ್ನು ಒಪ್ಪುತ್ತೇನೆ. ತಪ್ಪು ಕಾರಣ ಕೊಟ್ಟು ಸರಿಯಾದ ನಡತೆಯನ್ನು ಕಲಿಸುವುದು ದೀರ್ಘಕಾಲ ನಿಲ್ಲುವುದಿಲ್ಲ. ನನ್ನ ಆಕ್ಷೇಪ ತಾತ್ಕಾಲಿಕ ತೊಂದರೆಯ ಬಗ್ಗೆ. ಗೂಬೆಯ ಕಣ್ಣು ಮಂದ ಬೆಳಕಿಗೆ ಸ್ಪಂದಿಸುವ ಕೋಶಗಳಿಂದ ತುಂಬಿರುತ್ತದೆ, ಕತ್ತಲಲ್ಲಿ ಪಾಪೆ ಅಗಲವಾಗಿ ತೆರೆದಿರುತ್ತದೆ. ಅಂಥ ಕಣ್ಣಿಗೆ ಹಠಾತ್ ಬೆಳಕು ಬಿದ್ದಾಗ ಅದು ಮತ್ತೆ ಕತ್ತಲಿಗೆ ಹೊಂದಿಕೊಳ್ಳುವವರೆಗೆ ಬೇಟೆ ಹಿಡಿಯುವುದು, ತಂತಿ–ಕೊಂಬೆಗಳನ್ನು ತಪ್ಪಿಸಿಕೊಂಡು ಹಾರುವುದು ಕಷ್ಟವಾಗಬಹುದು. ಅಮೆರಿಕದ ಪಕ್ಷಿಸಂರಕ್ಷಣಾ ಸಂಸ್ಥೆ ಆಡುಬಾನ್ ತನ್ನ ಛಾಯಾಗ್ರಹಣ ಮಾರ್ಗಸೂಚಿಯಲ್ಲಿ ಗೂಬೆ ಮತ್ತು ನತ್ತಿಂಗಗಳ ಮೇಲೆ ರಾತ್ರಿ ಫ್ಲಾಶ್ ಬಳಸಬೇಡಿ ಎನ್ನುವುದು ಇದೇ ಕಾರಣಕ್ಕೆ. ಮರಿಗಳಿಗೆ ಉಣಿಸುವ ತಿಂಗಳುಗಳಲ್ಲಿ ಕೈತಪ್ಪಿದ ಒಂದೊಂದು ಬೇಟೆಗೂ ಬೆಲೆಯಿದೆ.

ವಾಹನದ ದೀಪದ ಮಾತು ಸರಿಯೆನಿಸಿದರೂ, ರಸ್ತೆಯಂಚಿನ ಹಕ್ಕಿ ಹಾದುಹೋಗುವ ದೀಪಗಳಿಗೆ ಒಗ್ಗಿಕೊಂಡು ತನಗೆ ಅನುಕೂಲವಾದ ಕೊಂಬೆಯನ್ನು ತಾನೇ ಆಯ್ದುಕೊಂಡಿರುತ್ತದೆ. ಅದನ್ನೇ ಗುರಿಯಿಟ್ಟು, ಹತ್ತಿರ ಬಂದು ಬಿಡುವ ಬೆಳಕಿನಿಂದ ಅದು ತಪ್ಪಿಸಿಕೊಳ್ಳಲಾರದು. ಹಿರಿಯರು ಫ್ಲಾಶ್ ಬಳಸಿದ್ದು ಬೇರೆ ದಾರಿಯಿಲ್ಲದ ಕಾಲದಲ್ಲಿ. ಆಗ ಇಡೀ ನಗರದಲ್ಲಿ ಅಂಥ ಕ್ಯಾಮೆರಾ ಹಿಡಿದವರು ಬೆರಳೆಣಿಕೆಯಷ್ಟು ಇದ್ದರು. ಈಗ ಐಎಸ್‌ಒ 6400 ಸಾಧಾರಣ ಕ್ಯಾಮೆರಾದಲ್ಲೂ ಸಿಗುತ್ತದೆ, ಮತ್ತು ಒಂದು ಗೂಬೆಯ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದರೆ ವಾರಾಂತ್ಯಕ್ಕೆ ಹತ್ತಾರು ಜನ ಸೇರುತ್ತಾರೆ. ಪ್ರತಿಯೊಬ್ಬರೂ ಒಮ್ಮೆ ಮಾತ್ರ ಫ್ಲಾಶ್ ಬಳಸಿದರೂ ಹಕ್ಕಿಯ ಪಾಲಿಗೆ ಅದು ಒಮ್ಮೆಯಾಗಿ ಉಳಿಯುವುದಿಲ್ಲ.

ಕೆಂಪು ಬೆಳಕಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ನಮ್ಮ ನಗರದಲ್ಲಿ ಕಾಡುಪಾಪಗಳ ಸಮೀಕ್ಷೆ ನಡೆಸುವವರು ತಲೆದೀಪಕ್ಕೆ ಕೆಂಪು ಹಾಳೆ ಸುತ್ತಿಕೊಳ್ಳುವುದನ್ನು ನೋಡಿ, ಹಕ್ಕಿಗಳಿಗೆ ಕೆಂಪು ಕಾಣುವುದೇ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಹಕ್ಕಿಗಳಿಗೆ ಕೆಂಪು ಕಾಣುತ್ತದೆ. ಮಂದವಾದ ಕೆಂಪು ದೀಪದಿಂದ ನಮ್ಮ ಕಣ್ಣಿನ ಕತ್ತಲ ಹೊಂದಾಣಿಕೆ ಕೆಡುವುದಿಲ್ಲ ಎಂಬುದು ಅದರ ಮುಖ್ಯ ಲಾಭ. ಅದನ್ನು ಕಾಲಡಿಯಲ್ಲಿ ಹಾವು, ಚೇಳು, ಗುಂಡಿಗಳನ್ನು ನೋಡಲು ಬಳಸಿ, ಮರದತ್ತ ಎತ್ತಬೇಡಿ.

ಉತ್ತರ 5: ಮಲ್ಲೇಶ್ವರದ ಟಿಪ್ಪಣಿ

ಎಲ್ಲರೂ ಚಿತ್ರ ತೆಗೆಯುವವರೆಗಿನ ಮಾತಾಡಿದ್ದಾರೆ. ತೆಗೆದ ಮೇಲಿನ ಜವಾಬ್ದಾರಿಯ ಬಗ್ಗೆ ಹೇಳಬೇಕಾಗಿದೆ. ನಮ್ಮ ದೇಶದಲ್ಲಿ ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿದು ಮಾರುವ ಜಾಲವಿದೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿ ಈ ವ್ಯಾಪಾರವನ್ನು ದಾಖಲಿಸಿದೆ. ದೀಪಾವಳಿಯ ಹೊತ್ತಿಗೆ ಬೇಡಿಕೆ ಹೆಚ್ಚುತ್ತದೆ. ಹೀಗಿರುವಾಗ ಗೂಬೆ ಕೂರುವ ಮರದ ಗುರುತನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕುವುದೆಂದರೆ ಹಿಡಿಯುವವರಿಗೆ ದಾರಿ ತೋರಿಸಿದಂತೆಯೇ ಆಗುತ್ತದೆ. ಕ್ಯಾಮೆರಾ ಅಥವಾ ಮೊಬೈಲ್ ಚಿತ್ರದೊಳಗೆ ಸೇರಿಸುವ ಜಿಪಿಎಸ್ ಮಾಹಿತಿಯನ್ನು ಅಳಿಸಿ, ಹಿನ್ನೆಲೆಯಲ್ಲಿ ಅಂಗಡಿಯ ಫಲಕವೋ ರಸ್ತೆಯ ಹೆಸರೋ ಇದ್ದರೆ ಕತ್ತರಿಸಿ, ಕೆಲವು ತಿಂಗಳು ತಡವಾಗಿ ಹಂಚಿಕೊಳ್ಳಿ. ಸ್ಥಳದ ಹೆಸರಿನ ಜಾಗದಲ್ಲಿ ‘ಬೆಂಗಳೂರು’ ಎಂದಷ್ಟೇ ಬರೆದರೆ ನೋಡುವವರ ಸಂತೋಷಕ್ಕೆ ಏನೂ ಕಡಿಮೆಯಾಗದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೆ ಕಾಡುಹಕ್ಕಿಯ ಮೊಟ್ಟೆಗಳಿಗೆ ಹಾನಿ ಮಾಡುವುದು ಮಾತ್ರವಲ್ಲ, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಇಲಿಯನ್ನು ಕಟ್ಟಿ ಗೂಬೆಯನ್ನು ಕರೆಯುವಂಥ ಆಮಿಷದ ವಿಧಾನಗಳಿಗೂ ಅದೇ ವ್ಯಾಖ್ಯೆ ಅನ್ವಯಿಸುತ್ತದೆ. ಹವ್ಯಾಸದ ಹೆಸರಿನಲ್ಲಿ ಇದನ್ನು ಲಘುವಾಗಿ ಕಾಣುವವರಿಗೆ ಈ ಸಾಲನ್ನು ಓದಿಸುವುದು ಒಳ್ಳೆಯದು.

ಮರುಪ್ರಶ್ನೆ: ವಸಂತಪುರದ ಓದುಗ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಫ್ಲಾಶ್ ಕೊಳ್ಳುವ ಯೋಚನೆಯನ್ನು ಬಿಟ್ಟಿದ್ದೇನೆ. ನಮ್ಮ ವಸತಿ ಸಮುಚ್ಚಯದ ಹಿಂಬದಿಯಲ್ಲಿ ಹಳೆಯ ಮಳೆಮರವೊಂದಿದ್ದು, ಅದರ ಪೊಟರೆಯಿಂದ ಹಾಲಕ್ಕಿ ಜೋಡಿ ಸಂಜೆ ಹೊರಬರುವುದನ್ನು ಈ ವಾರ ಗಮನಿಸಿದೆ. ಮೂರನೆಯ ಮಹಡಿಯ ಮೆಟ್ಟಿಲಿನ ಕಿಟಕಿಯಿಂದ ಪೊಟರೆ ಸರಿಸಮಕ್ಕೆ ಕಾಣುತ್ತದೆ. ಅಲ್ಲಿಂದ ಚಿತ್ರ ತೆಗೆಯಬಹುದೇ? ಇನ್ನೊಂದು ಆತಂಕವೂ ಇದೆ: ಆ ಜಾಗ ಕತ್ತಲಾಗಿದೆಯೆಂದು ಪ್ರಖರವಾದ ಫ್ಲಡ್‌ಲೈಟ್ ಹಾಕಿಸಲು, ಮರದ ಒಣಕೊಂಬೆಗಳನ್ನು ಕಡಿಸಲು ನಿವಾಸಿಗಳ ಸಂಘ ಆಲೋಚಿಸುತ್ತಿದೆ. ಅವರಿಗೆ ಏನೆಂದು ಹೇಳಲಿ?

ಉತ್ತರ 6: ನೆರಳುಬೆಳಕು

ಕಿಟಕಿ ಒಳ್ಳೆಯ ಮರೆ. ನೆಲದಲ್ಲಿ ನಿಂತ ಮನುಷ್ಯನಿಗಿಂತ ಕಟ್ಟಡದೊಳಗಿನ ಅಲುಗಾಟವನ್ನು ಹಕ್ಕಿ ಬೇಗ ಸಹಿಸಿಕೊಳ್ಳುತ್ತದೆ. ಮೆಟ್ಟಿಲಿನ ದೀಪ ಆರಿಸಿ, ಕಿಟಕಿಯಿಂದ ಹಿಂದೆ ಸರಿದು ನಿಂತು ನೋಡಿ. ಹಾಲಕ್ಕಿ ನಿಮ್ಮನ್ನೇ ದಿಟ್ಟಿಸುತ್ತಾ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ಅದು ನಿಮ್ಮನ್ನು ಗಮನಿಸಿದೆ, ಅಳೆಯುತ್ತಿದೆ ಎಂದರ್ಥ. ಹಾಗೆಯೇ ಸ್ಕಾಪ್ಸ್ ಗೂಬೆ ಮೈಯನ್ನು ಸಪೂರವಾಗಿಸಿ, ಕಿವಿಗರಿ ನಿಮಿರಿಸಿ, ಕಣ್ಣನ್ನು ಸೀಳಿನಷ್ಟಾಗಿಸಿದರೆ ಅದು ಹೆದರಿ ಅಡಗುತ್ತಿದೆಯೆಂದು ತಿಳಿಯಬೇಕು. ಆ ಭಂಗಿಯ ಚಿತ್ರಗಳಿಗೆ ಜನ ಮೆಚ್ಚುಗೆ ಸೂಚಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಅಂಥ ಲಕ್ಷಣ ಕಂಡ ಕೂಡಲೇ ಹಿಂದೆ ಸರಿಯಿರಿ. ಹಾಲಕ್ಕಿಗಳು ನಮ್ಮ ಕಡೆ ಹೆಚ್ಚಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಗೂಡು ಮಾಡುತ್ತವೆ. ಜೋಡಿಯಲ್ಲಿ ಒಂದು ಕಾಣೆಯಾಗಿ ಇನ್ನೊಂದು ಆಹಾರ ಕಚ್ಚಿಕೊಂಡು ಪೊಟರೆಗೆ ಹೋಗತೊಡಗಿದರೆ ಪೊಟರೆಯತ್ತ ಕ್ಯಾಮೆರಾ ತಿರುಗಿಸುವುದನ್ನು ನಿಲ್ಲಿಸಿ, ದೂರದ ಕೊಂಬೆಗಳಲ್ಲಿ ಬೇಟೆಯಾಡುವುದನ್ನಷ್ಟೇ ತೆಗೆಯಿರಿ. ಗೂಡಿನ ಚಿತ್ರಗಳನ್ನು ಪಕ್ಷಿಪ್ರಿಯರ ಹಲವು ಗುಂಪುಗಳು ಈಗ ಸ್ವೀಕರಿಸುವುದೂ ಇಲ್ಲ.

ಹಗಲಿನಲ್ಲಿ ಪೊಟರೆಯ ಬಳಿ ಸುಳಿಯಲೇಬೇಡಿ. ಹಗಲು ಹೊರಬಿದ್ದ ಗೂಬೆಯನ್ನು ಕಾಗೆಗಳೂ ಕಾಜಾಣಗಳೂ ಸೇರಿ ಅಟ್ಟಾಡಿಸುತ್ತವೆ.

ಉತ್ತರ 7: ಕೆರೆಯೇರಿ

ಸಂಘದವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅವರ ಸುರಕ್ಷತೆಯ ಕಾಳಜಿ ನ್ಯಾಯವಾದದ್ದೇ ಆದ್ದರಿಂದ ದೀಪವೇ ಬೇಡವೆಂದು ವಾದಿಸಬೇಡಿ. ಜನ ನಡೆಯುವ ದಾರಿಗೆ ಮಾತ್ರ ಬೀಳುವಂತೆ ಮೇಲ್ಭಾಗ ಮುಚ್ಚಿದ, ಕೆಳಮುಖವಾದ, ಹಳದಿ ಛಾಯೆಯ ದೀಪವನ್ನು, ಸಾಧ್ಯವಾದರೆ ಯಾರಾದರೂ ಬಂದಾಗ ಮಾತ್ರ ಹೊತ್ತುವ ಸೆನ್ಸರ್ ಸಹಿತ ಹಾಕಿಸಲು ಕೇಳಿಕೊಳ್ಳಿ. ಮರದ ಕಾಂಡ ಮತ್ತು ಪೊಟರೆಗೆ ಬೆಳಕು ತಾಗದಿದ್ದರೆ ಸಾಕು. ಒಣಕೊಂಬೆ ತಲೆಯ ಮೇಲೆ ಬೀಳುವ ಅಪಾಯವಿದ್ದರೆ ಆ ಕೊಂಬೆಯನ್ನಷ್ಟೇ ತೆಗೆಸಲಿ, ಪೊಟರೆಯಿರುವ ಭಾಗವನ್ನು ಮುಟ್ಟದಿರಲಿ, ಮತ್ತು ಕೆಲಸವನ್ನು ಗೂಡಿನ ಕಾಲ ಮುಗಿದ ಮೇಲೆ, ಮೇ ತಿಂಗಳಲ್ಲಿ, ಪೊಟರೆ ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡು ಇಟ್ಟುಕೊಳ್ಳಲಿ. ಪೊಟರೆ ಕೊರೆಯುವ ಶಕ್ತಿ ಹಾಲಕ್ಕಿಗೆ ಇಲ್ಲ. ಹಳೆಯ ಮರ ಹೋದರೆ ಅದಕ್ಕೆ ಇನ್ನೊಂದು ಮನೆ ಸಿಗುವುದು ನಮ್ಮ ಹೊಸ ಬಡಾವಣೆಗಳಲ್ಲಿ ಬಹಳ ಕಷ್ಟ.

ಇಲಿಪಾಷಾಣದ ಬಗ್ಗೆಯೂ ಅವರನ್ನು ಕೇಳಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ನಿಧಾನವಾಗಿ ಓಡಾಡುತ್ತದೆ, ಅದನ್ನು ಹಿಡಿದು ತಿಂದ ಗೂಬೆಯ ದೇಹಕ್ಕೂ ಆ ವಿಷ ಸೇರುತ್ತದೆ. ಕಸದ ಕೋಣೆಗೆ ಭದ್ರವಾದ ಬಾಗಿಲು ಮತ್ತು ಇಲಿಬೋನು ಇದಕ್ಕಿಂತ ಉತ್ತಮ. ಮುಂದೆ ಮರಿ ಹಾರಲು ಕಲಿಯುವಾಗ ನೆಲಕ್ಕೆ ಬಿದ್ದರೆ, ಗಾಯವಿಲ್ಲದಿದ್ದಲ್ಲಿ ನಾಯಿ–ಬೆಕ್ಕು ತಲುಪದಂತೆ ಹತ್ತಿರದ ಕೊಂಬೆಯ ಮೇಲಿಟ್ಟು ದೂರ ನಿಂತು ಗಮನಿಸಿ. ತಾಯಿ ತಂದೆ ಹುಡುಕಿಕೊಂಡು ಬರುತ್ತವೆ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡಿದ್ದರೆ ದಾರವನ್ನು ಎಳೆಯದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿಟ್ಟು, ನೀರು ಕುಡಿಸಲು ಹೋಗದೆ, ಕೆಂಗೇರಿ ಬಳಿಯಿರುವ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ತಿಳಿಸಿ. ನಿಮ್ಮ ಬಡಾವಣೆಗೆ ಅದು ದೂರವೇನಲ್ಲ.